ಹಿತ್ತಲ ಬಾಗಿಲಿಗೆ ನಾನು ಹಾಕಿದ ಬೀಗ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದು ಹದಿನೈದು ದಿನ ಆಗಿರಬೇಕು. ಬೈಲಹೊಂಗಲದ ಕಡೆ ಬಸ್ ಓಡಿಸುತ್ತಿದ್ದ ನಾನು ನಿವೃತ್ತನಾಗಿ ನೇಸರಗಿಯ ಮನೆಯಲ್ಲಿದ್ದೆ. ನಮ್ಮ ಹಿತ್ತಲಿಗೆ ಅಂಟಿಕೊಂಡು ಒಂದು ಹಳೆಯ ಹತ್ತಿ ಗೋದಾಮು ಇದೆ. ಚಿತ್ರಕಲೆ ಕಲಿಸುತ್ತಿದ್ದ ಗುರುಪಾದಪ್ಪ ಮಾಸ್ತರರು ನೌಕರಿ ಮುಗಿದ ಮೇಲೆ ಅದಕ್ಕೆ ಸುಣ್ಣ ಬಳಿಸಿ, ಓಣಿಯವರಿಗೆಲ್ಲ ಒಂದು ಕಲಾ ಕೇಂದ್ರ ಮಾಡಿದ್ದರು. ಮಧ್ಯಾಹ್ನ ಹೆಂಗಸರು ಸೇರಿ ಹಳೆ ಸೀರೆಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರು. ಸಂಜೆ ಗಂಡಸರು ಸಣ್ಣಾಟ ಎಂಬ ಜನಪದ ನಾಟಕದ ತಾಲೀಮು ನಡೆಸುತ್ತಿದ್ದರು.

ನನಗೆ ಅದು ಸರಿಬರಲಿಲ್ಲ. ಹಾಸಿಗೆ ಹಿಡಿದಿದ್ದ ನನ್ನ ತಂದೆಗೆ ಆ ಸದ್ದಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಮೇಲಾಗಿ ಗೋದಾಮಿನ ಹಿಂದಿನ ಬಾಗಿಲು ನಮ್ಮ ಹಿತ್ತಲಿಗೇ ತೆರೆಯುತ್ತಿತ್ತು. ಬಂದವರೆಲ್ಲ ನಮ್ಮ ಜಾಗ ತುಳಿದೇ ಓಡಾಡುತ್ತಿದ್ದರು. ಹಿಂದಿನ ವರ್ಷದ ಬೇಸಿಗೆಯಲ್ಲೇ ಒಂದು ದಿನ ಸಿಟ್ಟಿನಲ್ಲಿ ಆ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದೆ.

ಮಾಸ್ತರರು ಬಂದು, "ತಾಲೀಮು ಬೇಕಾದ್ರ ಬ್ಯಾರೆ ಕಡೆ ಮಾಡತೇವಿ. ಬಾಗಲಾ ಮಾತ್ರ ತಗದಿಡ್ರಿ, ಯಾವಾಗರ ಬೇಕಾಗತೈತಿ," ಎಂದರು. ನಾನು ಕೇಳಲಿಲ್ಲ. ಎದುರು ಮನೆಯ ಮೌಲಾಸಾಬನೂ ಹೇಳಿ ನೋಡಿದ. ಅವನು ಎಂ.ಕೆ. ಹುಬ್ಬಳ್ಳಿಯ ಕಡೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಅವನ ತಾಯಿ ಹಾಜರಾಬಿಯೇ ಅಲ್ಲಿ ಎಲ್ಲರಿಗೂ ಕೌದಿ ಕಲಿಸುತ್ತಿದ್ದಳು. "ನಿಮ್ಮವ್ವ ಅಲ್ಲಿಗೆ ಹೋಗತಾಳಂತ ವಕೀಲಕಿ ಮಾಡಾಕ ಬಂದಿ ಏನು?" ಎಂದು ಅವನ ಮೇಲೆ ಹರಿಹಾಯ್ದೆ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು. ಅತ್ತ ಕಡೆ ಕಾಲಿಡಬೇಡ ಎಂದು ನನ್ನ ಹೆಂಡತಿ ಗಂಗವ್ವನಿಗೂ ಹೇಳಿದೆ. ಒಂದು ಮಳೆಗಾಲ ಕಳೆಯಿತು. ಬೀಗ ಅಲ್ಲೇ ಇತ್ತು.

ಮೊದಲೇ ಹೇಳಿದ ಆ ದಿನ, ಯುಗಾದಿ ಮುಗಿದ ಮೇಲೆ, ಮಧ್ಯಾಹ್ನ ಮೂರರ ಹೊತ್ತು. ಅಕ್ಕನ ಮನೆಗೆ ಹೋಗಿ ಬರುತ್ತೇನೆಂದು ಗಂಗವ್ವ ಹೋಗಿದ್ದಳು. ತಂದೆಗೆ ಗುಳಿಗೆ ಕೊಟ್ಟು ಕಟ್ಟೆಯ ಮೇಲೆ ಕೂತಿದ್ದಾಗ ಬಟ್ಟೆ ಸುಟ್ಟ ವಾಸನೆ ಬಂತು. ಹಿತ್ತಲಿಗೆ ಹೋಗಿ ನೋಡಿದರೆ ಗೋದಾಮಿನ ಹಂಚಿನ ಸಂದಿಯಿಂದ ಕಪ್ಪು ಹೊಗೆ ಏಳುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಬಾಗಿಲು ಬಡಿಯತೊಡಗಿದರು. ಒಂದೆರಡು ಕೈಗಳ ಸದ್ದಲ್ಲ ಅದು.

"ಬಾಗಲಾ ತಗೀರಿ, ಯಾರರ ಬರ್ರಿ. ಮುಂದಿನ ಬಾಗಲಕ್ಕ ಬೆಂಕಿ ಹತ್ತೈತಿ."

ಸ್ವಿಚ್ ಬೋರ್ಡಿನ ಕಿಡಿ ಮುಂಬಾಗಿಲ ಹತ್ತಿರದ ಬಟ್ಟೆ ಗಂಟುಗಳ ಮೇಲೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಓಡಿಹೋಗಿ ಚಾವಿ ತಂದೆ. ಬೀಗದೊಳಗೆ ಹೋಯಿತು, ತಿರುಗಲಿಲ್ಲ. ತುಕ್ಕು ಹಿಡಿದಿತ್ತು. ಜೋರು ಮಾಡಿದೆ, ಚಾವಿ ಒಳಗೇ ಮುರಿಯಿತು. ಕಲ್ಲು ತೆಗೆದುಕೊಂಡು ಹೊಡೆದೆ. ಪೆಟ್ಟುಗಳು ಬೀಗ ತಪ್ಪಿ ಬಾಗಿಲಿಗೆ ಬೀಳುತ್ತಿದ್ದವು. ಒಳಗೆ ಬಡಿಯುವ ಸದ್ದು ಕಡಿಮೆಯಾಗುತ್ತ ಬಂತು, ಕೆಮ್ಮು ಹೆಚ್ಚಾಯಿತು.

ಮೌಲಾಸಾಬ ಹಾರೆ ಹಿಡಿದು ಗೋಡೆ ಹಾರಿ ಬಂದ. "ಬಾಜೂ ಸರೀರಿ ಕಾಕಾ," ಎಂದವನೇ ಕೊಂಡಿಗೆ ಹಾರೆ ಹಾಕಿ ಮೀಟಿದ. ನಾಲ್ಕನೆಯ ಸಲಕ್ಕೆ ಕೊಂಡಿ ಕಿತ್ತು ಬಂತು.

ಹೊಗೆಯ ಜೊತೆಗೇ ಹೆಂಗಸರು ಒಬ್ಬರ ಮೇಲೊಬ್ಬರು ಬೀಳುತ್ತ ಹೊರಬಂದರು. ಮುಂದುಗಡೆ ನೀರು ಹಾಕುತ್ತಿದ್ದ ಮಾಸ್ತರರು ಓಡಿ ಬಂದು ಎಣಿಸಿದರು. "ಹದಿನಾರು ಮಂದಿ ಇದ್ರು. ಇನ್ನ ಇಬ್ಬರು ಎಲ್ಲಿ?"

"ನಮ್ಮವ್ವ ಎಲ್ಲಿ?" ಎಂದ ಮೌಲಾಸಾಬ.

ಒಬ್ಬಾಕೆ ಕೆಮ್ಮುತ್ತಲೇ ಹೇಳಿದಳು. "ಅಕಿಗೆ ಏಳಾಕ ಆಗಲಿಲ್ಲ, ಮೊಣಕಾಲ ನೋವು. ಗಂಗವ್ವ ಅಕಿ ಕೂಡ ಅದಾಳ."

"ಯಾವ ಗಂಗವ್ವ?" ಎಂದೆ.

"ನಿಮ್ಮ ಗಂಗವ್ವರಿ."

ಹಿತ್ತಲ ನೀರಿನ ತೊಟ್ಟಿಯಲ್ಲಿ ಟವೆಲ್ ಅದ್ದಿ ಮುಖಕ್ಕೆ ಕಟ್ಟಿಕೊಂಡು ಇಬ್ಬರೂ ಬಗ್ಗಿ ಒಳಗೆ ಹೊಕ್ಕೆವು. ಏನೂ ಕಾಣುತ್ತಿರಲಿಲ್ಲ. ನಾನು ಮೌಲಾಸಾಬನ ಅಂಗಿ ಹಿಡಿದುಕೊಂಡಿದ್ದೆ. ಅವನು "ಅವ್ವಾ, ಅವ್ವಾ" ಎಂದು ಕೂಗುತ್ತ ಗೋಡೆ ಸವರಿಕೊಂಡು ಹೋಗುತ್ತಿದ್ದ. ಉತ್ತರವಿರಲಿಲ್ಲ. ಆಮೇಲೆ ಎಡಗಡೆಯ ಮೂಲೆಯಿಂದ ಕೆಮ್ಮು ಕೇಳಿಸಿತು. ಕುಡಿಯುವ ನೀರಿನ ಕೊಡ ಒಂದು ಕೌದಿಯ ಮೇಲೆ ಸುರುವಿ, ಅದನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು, ಗಂಗವ್ವ ಆ ಮುದುಕಿಯನ್ನು ಅಪ್ಪಿ ಕೂತಿದ್ದಳು. ಮೌಲಾಸಾಬ ತಾಯಿಯನ್ನು ಎತ್ತಿಕೊಂಡ. ನಾನು ಗಂಗವ್ವನ ರಟ್ಟೆ ಹಿಡಿದು ಎಳೆದೆ. ಅವಳು ಹಾಜರಾಬಿಯ ಕೈ ಬಿಡಲಿಲ್ಲ. ನಾಲ್ವರೂ ಹಾಗೇ ಒಂದು ಗೊಂಚಲಿನಂತೆ ಹೊರಬಿದ್ದೆವು. ಸ್ವಲ್ಪ ಹೊತ್ತಿಗೆ ಮುಂಭಾಗದ ಹಂಚೆಲ್ಲ ಕುಸಿಯಿತು.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಹಾಜರಾಬಿ ಮಾತ್ರ ಮೂರು ದಿನ ಬೈಲಹೊಂಗಲದ ಆಸ್ಪತ್ರೆಯಲ್ಲಿದ್ದಳು. ಅಲ್ಲಿಯ ಪಡಸಾಲೆಯಲ್ಲಿ ಗಂಗವ್ವನನ್ನು ಕೇಳಿದೆ. "ಎಲ್ಲಾರೂ ಓಡಿ ಬಂದ್ರು. ನೀ ಯಾಕ ಬರಲಿಲ್ಲ?"

"ಅಕಿ ನನ್ನ ಕೈ ಹಿಡಕೊಂಡಿದ್ಲು. ಬಿಡಿಸಿಕೊಂಡು ಹೆಂಗ ಬರಲಿ?" ಎಂದಳು. ಆಮೇಲೆ, "ಆರು ತಿಂಗಳಿಂದ ಅಲ್ಲೇ ಹೋಗತಿದ್ನಿ. ನಿಮಗ ಹೇಳಿರಲಿಲ್ಲ," ಎಂದಳು.

ಮುಂದಿನ ವಾರ ಓಣಿಯ ಜನ ಸೇರಿ ಗೋದಾಮು ರಿಪೇರಿ ಮಾಡಲು ನಿಂತರು. ಕೌದಿಯ ಬಟ್ಟೆಯೆಲ್ಲ ಸುಟ್ಟುಹೋಗಿತ್ತೆಂದು ಮನೆಮನೆಯಿಂದ ಹಳೆ ಸೀರೆ, ಧೋತ್ರ ಬಂದವು. ವರ್ಷಗಟ್ಟಲೆ ಮುಖ ನೋಡದವರೂ ಸಾಲಾಗಿ ನಿಂತು ಹಂಚು ದಾಟಿಸುತ್ತಿದ್ದರು. ನಾನು ಎಲ್ಲರ ಎದುರು ಹೋಗಿ ನಿಂತು, "ಕೀಲಿ ಹಾಕಿದಾಂವ ನಾನ. ಏನ ಅನ್ನೂದಿದ್ರೂ ಅನ್ರಿ," ಎಂದೆ.

ಕೆಲಸ ಒಂದು ಕ್ಷಣ ನಿಂತಿತು. ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಹಾಜರಾಬಿ, "ಎಷ್ಟೊತ್ತು ಬಿಸಲಾಗ ನಿಂದರತಿ ನಮ್ಮಪ್ಪಾ, ಇತ್ತಾಗ ಬಾ," ಎಂದಳು. ಮೌಲಾಸಾಬ ನನ್ನ ಕೈಗೆ ಒಂದು ಹಂಚು ಕೊಟ್ಟ. ಸಾಲು ಮತ್ತೆ ಮುಂದುವರಿಯಿತು.

ಇವತ್ತಿನವರೆಗೂ ಯಾರೂ ನನಗೆ ಒಂದು ಮಾತು ಅಂದಿಲ್ಲ. ಅವತ್ತು ಯಾರಾದರೂ ಮುಖಕ್ಕೆ ಉಗಿದಿದ್ದರೆ ನಾನೂ ತಂದೆಯ ಕಾಯಿಲೆಯ ನೆಪ ಹೇಳಿ, ವಾದ ಮಾಡಿ, ಕ್ರಮೇಣ ಮರೆತುಬಿಡುತ್ತಿದ್ದೆನೇನೋ. ಯಾರೂ ಬೈಯಲಿಲ್ಲ. ಹೀಗಾಗಿ ನನ್ನನ್ನು ನಾನೇ ಬೈದುಕೊಳ್ಳುವುದು ಇನ್ನೂ ಮುಗಿದಿಲ್ಲ.