ಪಿಯಾನೋಗೆ ಕೇಳಿದ ಹೂ

ದೇವರ ಹೆಸರಲ್ಲಿ ಸುಳ್ಳು ಹೇಳಿದವನು ನಾನು. ಅದೂ ಒಂದು ಪಿಯಾನೋ ವಿಷಯಕ್ಕೆ.

ನನ್ನ ಸೊಸೆ ಕುಣಿಗಲ್ಲಿನವಳು. ಚಿಕ್ಕಂದಿನಿಂದ ಪಿಯಾನೋ ಕಲಿತು, ಈಗ ತುಮಕೂರಿನ ನಮ್ಮ ಮನೆಯ ಮಹಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಪಿಯಾನೋದಲ್ಲೇ ದೊಡ್ಡದೊಂದು ಪರೀಕ್ಷೆಗೆ ತಯಾರಾಗುತ್ತಿದ್ದಳು. ಅಲ್ಲಿ ನುಡಿಸಬೇಕಾದದ್ದು ಅವಳ ಕರೆಂಟಿನ ಕೀಬೋರ್ಡಿಗೆ ಒಗ್ಗುತ್ತಿರಲಿಲ್ಲ, ತಂತಿ ಕಟ್ಟಿದ ದೊಡ್ಡ ಗ್ರಾಂಡ್ ಪಿಯಾನೋನೇ ಬೇಕಿತ್ತು. ಬೆಂಗಳೂರಿನ ಅಂಗಡಿಯಲ್ಲಿ ಎರಡು ನೋಡಿದೆವು. ಒಂದು ಹೊಚ್ಚ ಹೊಸದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಇನ್ನೊಂದು ನನಗಿಂತ ಹಿರಿಯದು. ಹಳೆಯ ಮೈ ಉಳಿಸಿಕೊಂಡು, ಒಳಗೆ ಹೊಸ ತಂತಿ, ತಂತಿಗೆ ಬಡಿಯುವ ಹೊಸ ಸುತ್ತಿಗೆ ಹಾಕಿ ಮತ್ತೆ ಕಟ್ಟಿದ್ದು. ಬೆಲೆ ಹೆಚ್ಚು ಕಮ್ಮಿ ಒಂದೇ.

ಸೊಸೆ ಹಳೆಯದರ ಮುಂದೆ ಕೂತವಳು ಏಳಲೇ ಇಲ್ಲ. "ಮಾವ, ಮೆಲ್ಲಗೆ ಒತ್ತಿದ್ರೆ ಇದು ಮೆಲ್ಲಗೇ ಮಾತಾಡುತ್ತೆ. ಹೊಸದು ಎಲ್ಲಾನೂ ಕೂಗಿ ಹೇಳುತ್ತೆ."

ನಾನು ಗುಬ್ಬಿ ಕಡೆಯವನು, ಹಲ್ಲು ನೋಡಿ ಎತ್ತು ಕೊಳ್ಳುವುದನ್ನು ಕಂಡು ಬೆಳೆದವನು. ಇದರ ಬಿಳಿ ಕೀಗಳೆಲ್ಲ ಹಳದಿಗಟ್ಟಿದ್ದವು. "ಮುದಿ ಎತ್ತು ಕಣಮ್ಮ ಇದು" ಅಂದೆ. ಒಳಗಿನ ಅಂಜಿಕೆ ಬೇರೆ ಇತ್ತು. ಬೀಗರು ಬಂದು, "ನಮ್ಮ ಹುಡುಗಿಗೆ ಹಳೇ ಸಾಮಾನು ತಂದವ್ರೆ" ಅಂದುಬಿಟ್ಟರೆ?

ಮಾತು ಬಗೆಹರಿಯಲಿಲ್ಲ. ಹೂ ಕೇಳೋಣ ಅಂದೆ. ಮದುವೆಯಿರಲಿ ಬೋರ್‌ವೆಲ್ಲಿರಲಿ, ನಮ್ಮಲ್ಲಿ ಮನೆದೇವರ ಎರಡೂ ಭುಜಕ್ಕೆ ಹೂ ಇಟ್ಟು, ಮೊದಲು ಯಾವ ಕಡೆಯದು ಬೀಳುತ್ತದೋ ಅದೇ ಅಪ್ಪಣೆ. ಹಾಗಲವಾಡಿ ಹತ್ತಿರದ ಗುಡಿಗೆ ಒಬ್ಬನೇ ಹೋದೆ. ಬಲಕ್ಕೆ ಬಿದ್ದರೆ ಹೊಸದು, ಎಡಕ್ಕೆ ಬಿದ್ದರೆ ಹಳೆಯದು ಎಂದು ಬೇಡಿಕೊಂಡೆ. ಒಳ್ಳೆಯ ಕಡೆಯನ್ನು ಹೊಸದಕ್ಕೇ ಕೊಟ್ಟಿದ್ದೆ, ನೋಡಿ. ಪೂಜಾರಪ್ಪ ಗಂಟೆ ಬಾರಿಸುವಷ್ಟರಲ್ಲಿ ಎಡಗಡೆಯ ಸೇವಂತಿಗೆ ಟಪ್ಪನೆ ಬಿತ್ತು.

ಮನೆಗೆ ಬಂದು "ಬಲಕ್ಕಾಯ್ತು" ಅಂದೆ.

"ಸರಿ ಮಾವ" ಅಂದಳು ಸೊಸೆ. ಹೊಸದಕ್ಕೆ ಅಡ್ವಾನ್ಸ್ ಕೊಡಲು ನನ್ನ ಹೆಂಡತಿಯೂ ಸೇರಿ ಮೂವರೂ ಹೋದೆವು. ಸೊಸೆ ಹಳೆಯದರ ಹತ್ತಿರ ಹೋಗಿ, ಸ್ವಲ್ಪ ನುಡಿಸಿ, ಕೀಗಳನ್ನು ವೇಲಿನಿಂದ ಒರೆಸಿ ಮುಚ್ಚಳ ಹಾಕಿದಳು, ಮಾರಿದ ಕರುವಿನ ಬೆನ್ನು ಸವರುವ ಹಾಗೆ. ನನ್ನ ಕೈಲಿ ತಡೆಯಲಾಗಲಿಲ್ಲ.

"ಹೂ ಎಡಕ್ಕೇ ಬಿದ್ದಿತ್ತು ಕಣಮ್ಮ. ನಾನೇ ಸುಳ್ಳು ಹೇಳಿದೆ. ಬೀಗರು ಏನಂದ್ಕೋತಾರೋ ಅಂತ..."

ಅಂಗಡಿಯವನಿಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ದೇವರಿಗೇ ಟೋಪಿ ಹಾಕಿದ್ರಾ? ಇನ್ನು ನನಗೆ ಎಷ್ಟು ಹಾಕಿರ್ಬೇಡ ನೀವು!"

ಸೊಸೆ ನಕ್ಕು ನಕ್ಕು ಅದೇ ಸ್ಟೂಲಿನ ಮೇಲೆ ಕೂತುಬಿಟ್ಟಳು. "ಮಾವ, ನಮ್ಮಪ್ಪ ಇವತ್ತಿಗೂ ಇದನ್ನ ಹಾರ್ಮೋನಿಯಂ ಅಂತಾರೆ. ಅವ್ರಿಗೆ ಹೊಸದೇನು, ಹಳೇದೇನು?"

ಹಳೆಯದೇ ಮನೆಗೆ ಬಂತು. ದೇವರಿಗೆ ತಪ್ಪುಕಾಣಿಕೆ ಹಾಕಿ ಬಂದೆ. "ನಿನಗೇನು ಕೊಡ್ಲಮ್ಮ?" ಅಂತ ಸೊಸೆಯನ್ನು ಕೇಳಿದರೆ, "ದಿನಾ ಕೀಗಳನ್ನ ನೀವೇ ಒರೆಸಿ" ಅಂದಳು. ಒರೆಸುತ್ತಿದ್ದೇನೆ. ಆ ಹಳದಿ ಹೋಗಲಿ ಅಂತ ಒಮ್ಮೊಮ್ಮೆ ಕೈ ತಾನಾಗಿ ಜೋರಾಗುತ್ತದೆ.

"ಎತ್ತಿಗೆ ಹಲ್ಲುಜ್ಜಿದ್ದು ಸಾಕು, ಏಳಿ ಮಾವ" ಅಂತ ಹಿಂದಿನಿಂದ ಕೂಗುತ್ತಾಳೆ, "ನಾನು ನುಡಿಸ್ಬೇಕು."