ಎಡಗಡೆ ಸದ್ದು ಕಡಿಮೆ

ನಮ್ಮ ಮಳವಳ್ಳಿ ಕಡೆ ಮೆಲ್ಲಗೆ ಮಾತಾಡುವವರನ್ನು ಯಾರೂ ನಂಬುವುದಿಲ್ಲ. ಒಳ್ಳೆಯ ಮಾತಾದರೂ ಬೀದಿಗೆ ಕೇಳುವ ಹಾಗೆ ಆಡಬೇಕು. ನಾನು ಇನ್ನೂ ಒಂದು ಕೈ ಮೇಲೆ, ಜೋರಾಗಿ ಆಡುವವರನ್ನೂ ನಂಬುವವಳಲ್ಲ. ತಕ್ಕಡಿಯ ತಳ ತಡವಿ ನೋಡದೆ ಈರುಳ್ಳಿ ಕೊಂಡವಳಲ್ಲ. ಇಂಥವಳು ಹೆಡ್‌ಫೋನ್ ಕೊಳ್ಳಲು ಹೊರಟೆ.

ಮದ್ದೂರಿನ ಹೈಸ್ಕೂಲಿನಲ್ಲಿ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ದಾರಿಯುದ್ದಕ್ಕೂ ಹಳೆಯ ಭಾವಗೀತೆ ಕೇಳುವುದೊಂದೇ ನನ್ನ ಪಾಲಿನ ಸುಖ. ಅದಕ್ಕೆ ಎಂಥದು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವೈರಿಲ್ಲದ್ದು ಬೇಡ, ಬಸ್ಸು ಗುಂಡಿಗಿಳಿದರೆ ಕಿವಿಯಿಂದ ಜಾರಿ ಕಿಟಕಿಯಾಚೆ ಹೋಗುತ್ತದೆ. ಕಿವಿ ಪೂರಾ ಮುಚ್ಚುವ ದೊಡ್ಡದೂ ಬೇಡ. ಓಲೆಯ ತಿರುಪು ಒತ್ತಿ ನೋಯುತ್ತದೆ, ಅಲ್ಲದೆ ಹಿಂದಿನ ಸೀಟಿನವರು ನನ್ನ ಬಗ್ಗೆ ಏನಂದರೆಂದು ತಿಳಿಯುವುದಿಲ್ಲ. ವೈರಿನ ಸಣ್ಣದೇ ಸಾಕು.

ಮಳವಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಕೊಂಡೆ. ಮೊದಲ ದಿನವೇ ಅದರ ಬಣ್ಣ ಬಯಲಾಯಿತು. ಬಲಗಡೆ ಹಾಡು ತುಂಬಿ ಬರುತ್ತದೆ, ಎಡಗಡೆ ಪಕ್ಕದ ಮನೆಯಲ್ಲಿ ಹಾಡಿದ ಹಾಗೆ. ವಾಪಸ್ ಒಯ್ದೆ. ಅಂಗಡಿಯವನು ತನ್ನ ಕಿವಿಗೆ ಸಿಕ್ಕಿಸಿಕೊಂಡ.

“ಚೆನ್ನಾಗೇ ಕೇಳ್ತೈತಲ್ಲಕ್ಕ.”

“ಮಾರೋನು ನೀನು, ಇನ್ನೇನಂತೀಯ,” ಎಂದೆ.

ಬೇರೆ ಕೊಟ್ಟ. ಅದೂ ಹಾಗೇ. ಯಾರೋ ಹಿಂದಿರುಗಿಸಿದ್ದನ್ನು ಹೊಸ ಡಬ್ಬಿಗೆ ತುಂಬಿ ಮಾರುತ್ತಿದ್ದಾನೆಂದು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದೆ. ಮದ್ದೂರಿನಲ್ಲಿ ಇನ್ನೊಂದು ಕೊಂಡೆ. ಅದರ ಎಡಗಡೆಯೂ ಮಂಕು. “ನಿಮ್ಮ ಫೋನಿಂದೇ ತೊಂದ್ರೆ ಇರ್ಬೈದು ಮೇಡಂ,” ಎಂದ ಅಲ್ಲಿಯವನು. ಕಳ್ಳನಿಗೊಂದು ಪಿಳ್ಳೆ ನೆವ. ಇಬ್ಬರೂ ಒಂದೇ ಕಡೆಯಿಂದ ಮಾಲು ತರಿಸುತ್ತಾರೆಂದು ಖಾತ್ರಿಯಾಯಿತು.

ಮುಂದಿನ ಭಾನುವಾರ ನಮ್ಮ ಯಜಮಾನರನ್ನು ಎಳೆದುಕೊಂಡು ಮಂಡ್ಯಕ್ಕೇ ಹೋದೆ. ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಹಾಕಿ ನೋಡದೆ ಕೊಳ್ಳುವುದಿಲ್ಲ, ಅದೂ ನಿಮ್ಮ ಫೋನಿಗೇ ಸಿಕ್ಕಿಸಿ ಎಂದು ಹಟ ಹಿಡಿದೆ. ಒಂದಾದ ಮೇಲೆ ಒಂದು ಕೊಟ್ಟರು. ಎಲ್ಲವೂ ಎಡಗಡೆ ಮಂಕು. ಯಜಮಾನರು ಒಂದನ್ನು ಹಾಕಿಕೊಂಡು, “ಎಲ್ಡು ಕಡೇನೂ ಒಂದೇ ಸಮ ಐತೆ ಕಣಮ್ಮಿ,” ಎಂದರು. ಬೇಗ ಮನೆ ಸೇರುವ ಆತುರಕ್ಕೆ ಇವರೂ ಅಂಗಡಿಯವನ ಜೊತೆ ಸೇರಿಕೊಂಡರಲ್ಲ ಎಂದು ಮೈಯೆಲ್ಲ ಉರಿಯಿತು.

“ಇದರ ಎಡಗಡೆಯದು ಸತ್ತಿದೆ. ಬಲಗಿವಿಗೆ ಇಟ್ಟುಕೊಂಡೇ ತೋರಿಸ್ತೀನಿ,” ಎಂದು ಎಲ್ಲರೆದುರು ಅದಲು ಬದಲು ಮಾಡಿ ಸಿಕ್ಕಿಸಿಕೊಂಡೆ.

ಸತ್ತಿದೆ ಎಂದದ್ದು ಬಲಗಿವಿಯಲ್ಲಿ ಗಂಟಲು ಬಿಚ್ಚಿ ಹಾಡಿತು. ಇಷ್ಟು ಹೊತ್ತು ಚೆನ್ನಾಗಿದ್ದದ್ದು ಎಡಗಿವಿಗೆ ಬಂದು ಮಂಕಾಯಿತು. ಇನ್ನೊಮ್ಮೆ ಬದಲಾಯಿಸಿ ನೋಡಿದೆ. ಹಾಡಿನದು ತಪ್ಪಿಲ್ಲ, ವೈರಿನದೂ ತಪ್ಪಿಲ್ಲ.

“ಏನಾಯ್ತು ಮೇಡಂ?” ಎಂದ ಅಂಗಡಿಯವನು.

“ಏನಿಲ್ಲ. ಇದನ್ನೇ ಕೊಡಿ.”

ಹೊರಗೆ ಬಂದಾಗ ನಿಜವಾಗಿ ಹೆದರಿಕೆಯಾಯಿತು. ಎಡಗಡೆ ಸಾಲಿನ ಮಕ್ಕಳು ಬೇಕೆಂದೇ ಗೊಣಗುತ್ತಾರೆಂದು ಬೈದದ್ದು ನೆನಪಾಯಿತು. ಒಂದು ಕಿವಿ ಮೆಲ್ಲಗೆ ಕೈಕೊಟ್ಟದ್ದು, ಊರೆಲ್ಲ ಕೂಗಿಯೇ ಮಾತಾಡುವುದರಿಂದ, ನನಗೆ ತಿಳಿದೇ ಇರಲಿಲ್ಲ. ಇನ್ನೊಂದೂ ಹಾಗೇ ಹೋದರೆ ಪಾಠ ಮಾಡುವುದು ಹೇಗೆ? ಹಾಡು ಎಲ್ಲಿಂದ ಕೇಳಲಿ?

ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ಎಡಕ್ಕಿದ್ದ ಯಜಮಾನರು ನನ್ನ ಹಿಂದಿನಿಂದ ಸುತ್ತಿ ಬಲಕ್ಕೆ ಬಂದು, “ಕಾಪಿ ಕುಡ್ಯವಾ?” ಎಂದರು.

“ಈ ಕಡೆಗೆ ಯಾಕೆ ಬಂದ್ರಿ?”

“ಈ ಕಡೆ ಬಂದ್ರೆ ತಾನೆ ನಿಂಗೆ ಕೇಳ್ಸೋದು.”

“ನಿಮಗೆ ಗೊತ್ತಿತ್ತಾ?”

“ಬಾಳ ದಿನ ಆಯ್ತು ಕಣೆ.”

“ಮತ್ತೆ ನನಗೆ ಹೇಳಲಿಲ್ಲ ಯಾಕೆ?”

ಅವರು ನಿಂತು ನನ್ನ ಮುಖ ನೋಡಿದರು. “ಏಳಿದ್ರೆ ನಂಬ್ತಿದ್ಯಾ?”

ನಂಬುತ್ತಿರಲಿಲ್ಲ. ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಲು ಹೂಡಿದ ಆಟ ಎಂದುಕೊಂಡು ಅವತ್ತೇ ಜಗಳ ತೆಗೆಯುತ್ತಿದ್ದೆ.