ಖಂಡೆ ಪೂಜೆಯ ದಿನ ಮೂಕವಾದ ಪರದೆ

ನನ್ನ ಗಂಡನ ಕೈಗೆ ಒದ್ದೆ ಬಟ್ಟೆ ಕೊಡಬಾರದು. ಇದು ನಮ್ಮ ಮನೆಯ ಹಳೆಯ ಕಾನೂನು. ನಾವು ಬೀದರ್ ಕಡೆಯವರು. ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಚಾಕು, ಈಳಿಗೆ, ಸ್ಕೂಟರ್ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವು ಇಟ್ಟು ಕೈಮುಗಿಯುತ್ತೇವೆ. ತೊಳೆಯದ ಆಯುಧಕ್ಕೆ ವಿಭೂತಿ ಹಚ್ಚಬಾರದು ಎಂದು ಇವರ ಅಜ್ಜಿ ಹೇಳಿದ್ದರಂತೆ. ಹೇಳಿದ್ದು ಸರಿಯೇ, ಆದರೆ ಅಜ್ಜಿಯ ಕಾಲದಲ್ಲಿ ಮಿಕ್ಸರ್ ಇರಲಿಲ್ಲ. ಒಂದು ವರ್ಷ ನಮ್ಮ ಮಿಕ್ಸರನ್ನು ಮೋಟಾರು ಸಮೇತ ಬಕೆಟ್ಟಿಗೆ ಇಳಿಸಿದ ಭಕ್ತ ಇವರು. ಬ್ಯಾಂಕಿನಲ್ಲಿ ಅಧಿಕಾರಿ ಬೇರೆ. ಜನ ಇವರನ್ನು ನಂಬಿ ದುಡ್ಡು ಇಡುತ್ತಾರೆ!

ಆಗ ಇವರಿಗೆ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ, ವರ್ಗವಾಗಿತ್ತು. ನಾನು ನಾಸಿಕದ ಅಂಬಡ್‌ನಲ್ಲಿ, ಸ್ವಿಚ್ ತಯಾರಿಸುವ ಒಂದು ಯೂನಿಟ್ಟಿನ ಲೇಬಲ್ ವಿಭಾಗದಲ್ಲಿದ್ದೆ. ಶನಿವಾರ ಸಂಜೆ ಬಸ್ಸು ಹಿಡಿದು ಇವರ ಹತ್ತಿರ ಬರುವುದು, ಭಾನುವಾರ ಅಡುಗೆ, ಬಟ್ಟೆ, ಜಗಳ ಮೂರನ್ನೂ ಮುಗಿಸುವುದು, ಸೋಮವಾರ ನಸುಕಿನಲ್ಲಿ ಮತ್ತೆ ಬಸ್ಸು. ಬಸ್ ಸ್ಟ್ಯಾಂಡಿಗೆ ಇವರೇ ಬಿಡುತ್ತಿದ್ದರು. ಗಂಡ ಹೆಂಡತಿ ಅನ್ನುವುದಕ್ಕಿಂತ ಒಬ್ಬರಿಗೊಬ್ಬರು ನೆಂಟರಾಗಿದ್ದೆವು. "ಹಿಂಗ ಎಷ್ಟ್ ದಿನ್ರೀ?" ಎಂದು ನಾನು ಗೋಳಾಡಿದರೆ, ಇವರದು ಒಂದೇ ಮಾತು: "ನಂಗೇನ್ ತ್ರಾಸಿಲ್ಲ ಬಿಡು. ಮೆಸ್ಸಿನ ಡಬ್ಬಿ ಛಲೋ ಇರ್ತದ." ಈ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಹೆಂಡತಿ ಇಲ್ಲದಿದ್ದರೂ ನಡೆಯುತ್ತದೆ, ಡಬ್ಬಿ ಇದ್ದರೆ ಸಾಕು ಅನ್ನುವ ಗಂಡನ ಹತ್ತಿರ ಏನು ಮಾತಾಡುವುದು?

ಅಷ್ಟರಲ್ಲಿ ನಮ್ಮ ಕಂಪನಿ ಬಿಡಕಿನ್‌ನಲ್ಲಿ ಹೊಸ ಶೆಡ್ ಹಾಕಿತು. ಬಿಡಕಿನ್ ಎಂದರೆ ಸಂಭಾಜಿನಗರದ ಮಗ್ಗುಲಿಗೇ. ಮನೆಯಿಂದ ಹೋಗಿ ಬರಬಹುದು. ನಾನು ಸಾಹೇಬರ ಬೆನ್ನು ಹತ್ತಿದೆ. ಅವರು ಕೊನೆಗೆ ಒಂದು ಷರತ್ತು ಹಾಕಿದರು. ನಾಸಿಕದಲ್ಲಿರುವ ನಮ್ಮ ಹಳೆಯ ಲೇಬಲ್ ಪ್ರೋಗ್ರಾಂ ಬಿಡಕಿನ್‌ನ ಕಂಪ್ಯೂಟರಿನಿಂದ ಸರಿಯಾಗಿ ಓಡಬೇಕು. ಖಂಡೆ ನವಮಿಯ ದಿನ ಅವರ ಕಣ್ಣೆದುರು ಮೊದಲ ಲೇಬಲ್ ಹೊರಗೆ ಬರಬೇಕು. ಬಂದರೆ ನಾನು ಅಲ್ಲೇ. ಬರದಿದ್ದರೆ ಹಬ್ಬ ಮುಗಿಸಿಕೊಂಡು ಅಂಬಡ್‌ಗೆ ವಾಪಸ್ಸು.

ಆ ಪ್ರೋಗ್ರಾಂ ಎಂದರೆ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಗೆ ಕೆಲಸವಿಲ್ಲ; ಕಪ್ಪು ಪರದೆ, ಬಿಳಿ ಅಕ್ಷರ, ನಾವು ಹೊಡೆದದ್ದಕ್ಕೆ ಅದು ಉತ್ತರ ಕೊಡಬೇಕು. ನಾನು ಬಿಡಕಿನ್‌ಗೆ ಬಂದ ಮೊದಲ ವಾರ ಅದು ಕೊಟ್ಟ ಉತ್ತರ ನೀವು ನೋಡಬೇಕಿತ್ತು. ಮೆನುವಿನ ಸುತ್ತ ಚೌಕಟ್ಟಿನ ಗೆರೆ ಇರಬೇಕಾದ ಕಡೆ ಸಾಲಾಗಿ ಕ್ಯೂ, ಎಕ್ಸ್, ಕ್ಯೂ, ಎಕ್ಸ್. ಮರಾಠಿ ಹೆಸರುಗಳ ಜಾಗದಲ್ಲಿ ಖಾಲಿ ಡಬ್ಬಗಳು. ಡಬ್ಬಿ ನನ್ನನ್ನು ಇಲ್ಲಿಯೂ ಬಿಡಲಿಲ್ಲವಲ್ಲ ಎಂದುಕೊಂಡೆ. ಪರದೆ ಯಾವ ಜಾತಿಯದು ಎಂದು ಪ್ರೋಗ್ರಾಮಿಗೆ ತಪ್ಪು ಮಾಹಿತಿ ಹೋಗಿತ್ತು. ತಿದ್ದಿದೆ, ಗೆರೆ ಗೆರೆಯಾಯಿತು. ಅಕ್ಷರದ ಸೆಟ್ಟಿಂಗ್ ಬದಲಿಸಿ, ದೇವನಾಗರಿ ಇರುವ ಫಾಂಟ್ ಹಾಕಿದೆ, ಹೆಸರುಗಳು ಮೂಡಿದವು. ಹಬ್ಬದ ದಿನ ಬೆಳಿಗ್ಗೆ ಒಂದು ಸಲ ಪರೀಕ್ಷೆ ಮಾಡಿದರೆ ಎಲ್ಲ ಕನ್ನಡಿಯ ಹಾಗೆ ಸ್ವಚ್ಛ. "ಗ್ರಾಹಕರ ಹೆಸರು?" ಎಂದು ಕೇಳುತ್ತ ಪರದೆ ಕಾಯುತ್ತಿತ್ತು. ಹಾಗೆಯೇ ಬಿಟ್ಟು, ಪೂಜೆಗೆ ಎದ್ದೆ.

ಪೂಜೆಗೆಂದು ಎಲ್ಲರ ಮನೆಯವರೂ ಬಂದಿದ್ದರು, ಇವರೂ ಬಂದಿದ್ದರು. ನಾನು ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವುದರಲ್ಲಿದ್ದೆ. ತಿರುಗಿ ಬಂದು ನೋಡುತ್ತೇನೆ, ಕೀಬೋರ್ಡಿನ ಉದ್ದನೆಯ ಕೀಲಿಯ ಮೇಲೆ ಮೂರು ಬೆರಳು ವಿಭೂತಿ, ಮಾನಿಟರಿನ ತಲೆಗೆ ಒಂದು ಹೂವು. ಚಂದ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಕೂತು ಒಂದು ಹೆಸರು ಹೊಡೆದೆ.

ಏನೂ ಮೂಡಲಿಲ್ಲ.

ಮತ್ತೆ ಹೊಡೆದೆ. ಕೀಲಿ ಗಟ್ಟಿಯಾಗಿ ಒತ್ತಿದೆ. ಊಹೂಂ. ಕರ್ಸರ್ ಕದಲಲಿಲ್ಲ. ಪರದೆ ಬಾಯಿಗೆ ಅವಲಕ್ಕಿ ತುಂಬಿಕೊಂಡವರ ಹಾಗೆ ಸುಮ್ಮನಿತ್ತು. ಪರದೆಯ ಮೇಲಿನ ಆ ಕಿಟಕಿ ಮುಚ್ಚಿ ಮತ್ತೆ ತೆರೆಯೋಣವೆಂದರೆ ಅದಕ್ಕೂ ಕಲ್ಲು: ನಮ್ಮ ಪ್ರೋಗ್ರಾಮಿನಿಂದ ಸರಿಯಾಗಿ ಹೊರಗೆ ಬರದೆ ಕಿಟಕಿ ಮುಚ್ಚಿದರೆ ಅದು ಬೀಗ ಹಾಕಿಕೊಳ್ಳುತ್ತದೆ, ಆ ಬೀಗ ತೆಗೆಯುವ ಮಹಾರಾಯ ನಾಸಿಕದಲ್ಲಿ ಫೋನು ಬಂದ್ ಮಾಡಿ ಹಬ್ಬದೂಟ ಹೊಡೆಯುತ್ತಿದ್ದ. ಸಾಹೇಬರ ಗಾಡಿ ಆಗಲೇ ಊರು ದಾಟಿ ಇತ್ತ ಹೊರಟಿತ್ತು.

"ಏನಾತು?" ಎಂದರು ಇವರು, ನನ್ನಿಂದ ಸ್ವಲ್ಪ ದೂರದಲ್ಲೇ ನಿಂತು.

"ನನ್ನ ಹಣೇಬರಾ ಆತ್ರಿ! ಮುಂಜಾನಿ ಛಂದ ಇತ್ತು. ಫಾಂಟ್ ಕೈಕೊಟ್ಟದೋ, ಲೈನ್ ಹೋಗ್ಯದೋ!"

"ಲೈನೇ ಇರ್ಬೇಕು ನೋಡು," ಎಂದರು, ಬಹಳ ಬೇಗ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ನಾಸಿಕದ ಲೈನನ್ನು, ಅದನ್ನು ಎಳೆದವರನ್ನು, ಅವರ ವಂಶವನ್ನು ಬೈದೆ. ತಂತಿಗಳ ಡಬ್ಬ ಇದ್ದದ್ದು ಶೆಡ್ಡಿನ ಆ ತುದಿಯ ಕೋಣೆಯಲ್ಲಿ. ಇವರನ್ನು ನನ್ನ ಕುರ್ಚಿಯಲ್ಲಿ ಕೂಡಿಸಿ ಹೇಳಿದೆ: "ಏನರ ಹೊಡ್ಕೋತ ಕೂಡ್ರಿ. ಎಂಟರ್ ಮಾತ್ರ ಒತ್ತಬ್ಯಾಡ್ರಿ. ಅಕ್ಷರ ಕಂಡ್ರ ಒದರ್ರಿ."

"ಏನ್ ಹೊಡೀಲಿ?"

"ಮನಸ್ಸಿಗಿ ಬಂದಿದ್ದು ಹೊಡೀರಿ ಮಾರಾಯ್ರೇ! ಹ್ಯಾಂಗೂ ಯಾರಿಗೂ ಕಾಣಂಗಿಲ್ಲ!"

ಹೋಗಿ ನೋಡಿದರೆ ಡಬ್ಬದ ದೀಪಗಳೆಲ್ಲ ಹಸಿರು. ತಂತಿ ಒಂದೊಂದಾಗಿ ಒತ್ತಿ ನೋಡಿದೆ, ಎಲ್ಲವೂ ಗಟ್ಟಿ. ಲೈನಿನ ತಪ್ಪಲ್ಲ. ಹಾಗಾದರೆ? ಅಳು ಬಂತು, ನಿಜ ಹೇಳುತ್ತೇನೆ. ಸೋಮವಾರದ ನಸುಕು, ಬಸ್ಸಿನ ಹಾರ್ನು, ಅಂಬಡ್‌ನ ಬಾಡಿಗೆ ಕೋಣೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೊರಗೆ ಗಾಡಿಯ ಸದ್ದಾಯಿತು. ನಾನು ಓಡಿ ಬರುವಷ್ಟರಲ್ಲಿ ಇವರು ಕುರ್ಚಿ ಬಿಟ್ಟು, "ಏನೂ ಕಾಣಲಿಲ್ಲ ನೋಡು," ಎಂದು ಹಿಂಬಾಗಿಲ ಕಡೆ ಜಾರಿಕೊಂಡಿದ್ದರು. ಇವರಿಗೆ ನಮ್ಮ ಸಾಹೇಬರೆಂದರೆ ತಮ್ಮ ಸಾಹೇಬರಿಗಿಂತ ಹೆಚ್ಚು ಭಯ.

ಕೀಬೋರ್ಡಿನ ಮೇಲೆ ಬೆರಳಿಟ್ಟೆ. ತಣ್ಣಗಿತ್ತು. ಬಗ್ಗಿ ನೋಡಿದೆ: ಕೀಲಿಗಳ ಸಂದಿಯಲ್ಲಿ ನೀರಿನ ಪಸೆ. ಬೆಳಿಗ್ಗೆ ಧೂಳು ಹಿಡಿದಿದ್ದ ಕೀಲಿಗಳು ಈಗ ಫಳಫಳ. ತೊಳೆಯದ ಆಯುಧಕ್ಕೆ ವಿಭೂತಿ ಹಚ್ಚಬಾರದು! ಅಯ್ಯೋ ಶಿವನೇ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ. ಚಾಲೂ ಇದ್ದ ಕೀಬೋರ್ಡನ್ನು ಈ ಭಕ್ತ ಒದ್ದೆ ಬಟ್ಟೆಯಿಂದ ಗಸಗಸ ತಿಕ್ಕಿದ್ದಾರೆ. ಎಡಗಡೆ ಮೂಲೆಯಲ್ಲಿ ಕಂಟ್ರೋಲ್ ಮತ್ತು ಎಸ್ ಎರಡೂ ಒಂದೇ ಕೈಯಡಿ ಸಿಕ್ಕಿವೆ. ಅವೆರಡನ್ನು ಕೂಡಿಸಿ ಒತ್ತಿದರೆ ಈ ಕಪ್ಪು ಪರದೆ ಮೂಕವಾಗುತ್ತದೆ; ಹೊಡೆದದ್ದೆಲ್ಲ ಒಳಗೆ ಹೋಗುತ್ತಲೇ ಇರುತ್ತದೆ, ತೋರಿಸುವುದಿಲ್ಲ ಅಷ್ಟೆ. ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಬಾಯಿ ಬಿಡುತ್ತದೆ. ಇಷ್ಟು ಸಣ್ಣದನ್ನು ಮರೆತು ನಾನು ಊರೆಲ್ಲ ಬೈದಿದ್ದೆ.

ಸಾಹೇಬರು ಬಂದು ನನ್ನ ಬೆನ್ನ ಹಿಂದೆ ನಿಂತರು. "ಚಲಾ ಮ್ಯಾಡಮ್, ದಾಖವಾ." ನಡೆಯಿರಿ, ತೋರಿಸಿ.

ಕಂಟ್ರೋಲ್, ಕ್ಯೂ.

ಕಟ್ಟೆ ಒಡೆದ ಹಾಗೆ ಅಕ್ಷರಗಳು ಹರಿದವು. ಮೊದಲು ಬಟ್ಟೆ ಹೊಡೆದ ಕಸ, ಆಮೇಲೆ ನಾನು ಹೊಡೆದ ಹೆಸರು, ಕಡೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಬೀದರ್ ಕನ್ನಡ, ಸಾಲಿನ ಮೇಲೆ ಸಾಲು:

"ಹೊಡಿ ಅಂದಾಳ, ಹೊಡೀಲತ್ತೀನಿ. ಕೀಬೋರ್ಡ್ ನಾನೇ ಒರೆಸೀನಿ, ಜರಾ ಜೋರ್ ಒರೆಸೀನಿ. ಅಕಿಗಿ ಗೊತ್ತಾಗಬಾರದು. ಮೆಸ್ಸಿನ ಡಬ್ಬಿ ಛಲೋ ಇರಲ್ಲ. ಸೋಮವಾರ ಅಕಿ ಬಸ್ ಹತ್ತಿದ ಮ್ಯಾಲ ಮನಿಗಿ ಹೋಗಲಾಕ ಮನಸ್ಸಾಗಲ್ಲ. ಸ್ಟ್ಯಾಂಡಿನ ಮುಂದ ಚಹಾದಂಗಡ್ಯಾಗ ಬ್ಯಾಂಕ್ ತೆರಿಯೋ ತನಕ ಕೂಡ್ತೀನಿ. ಈ ಸಲ ಅಕಿಗಿ ಇಲ್ಲೇ ಇಡಪ್ಪ ದೇವ್ರೇ."

"ಹೇ ಕಾಯ್?" ಇದೇನು ಎಂದು ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. ಒಂದೊಂದೇ ಅಕ್ಷರ ಕೂಡಿಸಿ, "ಮೆಸ್... ಡಬ್ಬಿ... ಡಬ್ಬ್ಯಾಚೀ ಆರ್ಡರ್ ಆಹೆ ಕಾ?" ಡಬ್ಬಿಯ ಆರ್ಡರು ಬಂದಿದೆಯೇ ಎಂದು ಅವರ ಅನುಮಾನ.

"ಟೆಸ್ಟಿಂಗ್, ಸರ್," ಎಂದೆ.

"ಮಗ್ ಕಾಢಾ ನಾ," ಹಾಗಾದರೆ ಅದನ್ನು ಅಳಿಸಿ ತೆಗೆಯಿರಿ, ಎಂದರು.

ತೆಗೆಯಲೇಬೇಕಿತ್ತು, ತೆಗೆಯದೆ ಲೇಬಲ್ ಬರುವುದಿಲ್ಲ, ಲೇಬಲ್ ಬರದೆ ನಾನು ಇಲ್ಲಿ ಉಳಿಯುವುದಿಲ್ಲ. ಆದರೆ ಬೆರಳು ಏಳಲೊಲ್ಲದು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು, ಅದೂ ಯಾರಿಗೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು. ಇನ್ನೊಮ್ಮೆ ಓದಿಕೊಂಡೆ. ಆಮೇಲೆ ಎರಡು ಕೀಲಿ ಒತ್ತಿದೆ, ಎಲ್ಲ ಒಮ್ಮೆಗೇ ಹೋಯಿತು. ಗ್ರಾಹಕರ ಹೆಸರು ಹೊಡೆದೆ, ಎಂಟರ್ ಒತ್ತಿದೆ. ಪ್ರಿಂಟರ್ ಗರಗರ ಎಂದು ಲೇಬಲ್ ಹೊರಗೆ ಹಾಕಿತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ಅಂಬಡ್‌ನಿಂದ ನಿಮ್ಮ ಸಾಮಾನು ತರಿಸಿಕೊಳ್ಳಿ ಎಂದರು.

ಸಂಜೆ ಸ್ಕೂಟರಿನ ಮೇಲೆ ಮನೆಗೆ ಹೊರಟೆವು. ಸ್ವಲ್ಪ ದೂರ ಬಂದ ಮೇಲೆ ಇವರು ಮೆಲ್ಲಗೆ ಕೇಳಿದರು: "ನಾ ಹೊಡದಿದ್ದು... ಏನರ ಬಂತೇನು ಸ್ಕ್ರೀನ್ ಮ್ಯಾಲ?"

"ಎಲ್ಲಿಂದ ಬರ್ತದ್ರಿ? ಸ್ಕ್ರೀನೇ ಕೆಟ್ಟಿತ್ತಲ್ಲ. ಒಂದಕ್ಷರ ಕಾಣಲಿಲ್ಲ."

ಇವರ ಹೆಗಲು ಸಡಿಲವಾದದ್ದು ಹಿಂದೆ ಕೂತ ನನಗೆ ಗೊತ್ತಾಯಿತು. "ಲೈನಿಂದೇ ತಪ್ಪಿರ್ಬೇಕು," ಎಂದರು, ಧೈರ್ಯವಾಗಿ.

"ಹೌದ್ರಿ, ಲೈನಿಂದೇ. ಬಸ್ ಸ್ಟ್ಯಾಂಡಿನ ಮುಂದ ಗಾಡಿ ನಿಲ್ಲಸ್ರಿ, ಚಹಾ ಕುಡಿಯೋಣ."

"ಅಲ್ಲ್ಯಾಕ? ಮನ್ಯಾಗೇ ಮಾಡೋಣ."

"ನಿಲ್ಲಸ್ರಿ ಅಂದೆ."

ನಿಲ್ಲಿಸಿದರು. ಅಂಗಡಿಯವನು ಇವರನ್ನು ಕಂಡವನೇ ಬೆಂಚು ಒರೆಸಿದ. ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಿದ, ಮತ್ತೆ ಇವರನ್ನು ನೋಡಿದ. "ಸಾಹೇಬ್, ಆಜ್ ಸೋಮವಾರ್ ನಾಹೀ ನಾ?" ಇವತ್ತು ಸೋಮವಾರ ಅಲ್ಲವಲ್ಲ ಎಂದು ಅವನಿಗೆ ಸೋಜಿಗ.

ನನ್ನ ಗಂಡ ಮುಖ ತಿರುಗಿಸಿ, ಆಗತಾನೆ ಒಳಗೆ ಬರುತ್ತಿದ್ದ ನಾಸಿಕ್ ಬಸ್ಸಿನ ಬೋರ್ಡು ಓದತೊಡಗಿದರು. ನಾನು ಇವರು ಕೂಡುವ ಬೆಂಚಿನ ಮೇಲೆ ಕೂತು, ಎರಡು ಚಹಾ ಹೇಳಿದೆ.